ಶತ್ರುದೇಶದ ನಲ್ಲಿ

"ಯಾವ ಬೋಳಿಮಗ ನಿಮಗೆ ಬೀದಿ ಗುಡಿಸೋಕೆ ಹೇಳಿದ್ದು?"

ಕೇರಿಯ ಬಾಯಲ್ಲಿ ನಿಂತು ಮುನ್ಸಿಪಾಲಿಟಿಯ ಹೆಲ್ತ್ ಇನ್ಸ್‌ಪೆಕ್ಟರ್ ಕಿರುಚಿದ. ಕೈಯಲ್ಲಿದ್ದ ಬೆತ್ತದಿಂದ ನೆಲವನ್ನು ತೋರಿಸಿದ. ನೆಲದ ಮೇಲೆ ಒಂದು ಕಡ್ಡಿ ಇರಲಿಲ್ಲ. ಕೇರಿಯ ಹೆಂಗಸರೆಲ್ಲ ಬೆಳಕು ಹರಿಯುವ ಮುಂಚೆಯೇ ಎದ್ದು ಗುಡಿಸಿದ್ದರು, ಚರಂಡಿ ಬಾಚಿದ್ದರು, ಎಲ್ಲಿಂದಲೋ ಸುಣ್ಣ ತಂದು ಕಣ್ಣಿಗೆ ಬೀಳುವ ಗೋಡೆಗಳಿಗೆಲ್ಲ ಬಳಿದಿದ್ದರು. ಊರನ್ನೆಲ್ಲ ಗುಡಿಸುವವರ ಬೀದಿ ತಾನೂ ಗುಡಿಸಿಕೊಂಡು ನಿಂತದ್ದು ಅದೇ ಮೊದಲು. ಸಿನಿಮಾದವರು ಬರುತ್ತಾರೆ, ದೊಡ್ಡವರು ಬರುತ್ತಾರೆ ಎಂದು ಹಿಂದಿನ ದಿನ ಇವನೇ ಹೇಳಿ ಹೋಗಿದ್ದ. ದೊಡ್ಡವರು ಬರುತ್ತಾರೆ ಅಂದರೆ ಈ ಜನಕ್ಕೆ ಗೊತ್ತಿದ್ದ ಅರ್ಥ ಪೊರಕೆ ಹಿಡಿಯುವುದು ಅಂತಲೇ.

"ನೀವೇ ಹೇಳಿದ್ದಲ್ವಾ ಸ್ವಾಮಿ, ದೊಡ್ಡೋರು ಬರ್ತಾರೆ ಅಂತ," ಅಂದಳು ಬಜಾರಿ.

ಬಜಾರಿ ಅನ್ನುವುದು ಊರಿನವರು ಬೈದ ಬೈಗುಳ. ಬೈದವರಿಗೆ ಅವಳು ತಿರುಗಿ ಬೈಯುತ್ತಿದ್ದಳು, ಹಾಗಾಗಿ ಅದೇ ಗಟ್ಟಿಯಾಯಿತು. ಈಗ ಕೇರಿಯವರೂ ಹಾಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಮೇಲಿನ ಬೀದಿಯ ಮನೆಗಳ ಹಿತ್ತಲಲ್ಲಿ ಕಕ್ಕಸಿನ ಡಬ್ಬ ಎತ್ತುವ ಕೆಲಸ ಅವಳದು. ಅವಳ ಅತ್ತೆಯದೂ ಅದೇ ಆಗಿತ್ತು.

"ಬರ್ತಾರೆ ಅಂದೆ ಕಣೇ ಲೌಡಿ. ಗುಡಿಸಿ ಅಂದ್ನಾ? ಅವ್ರಿಗೆ ಬೇಕಾಗಿರೋದೇ ಕೊಳಕು. ದಿನಾ ಹೆಂಗೆ ಹಂದಿಗಳ ಥರ ಬಿದ್ಕೊಂಡಿರ್ತೀರೋ ಹಂಗಿರಬೇಕಿತ್ತು. ಈಗ ಈ ಸುಣ್ಣಾನ ನೆಕ್ಕಿ ತೆಗೀತೀಯಾ?"

ಅಷ್ಟರಲ್ಲಿ ಸಿನಿಮಾದ ಡೈರೆಕ್ಟರೂ ಬಂದ. ತೆಳ್ಳಗಿನ ಮನುಷ್ಯ, ದಪ್ಪ ಗಾಜಿನ ಕನ್ನಡಕ, ಮೆತ್ತಗಿನ ಮಾತು. ಬೆಳ್ಳಗಿದ್ದ ಗೋಡೆಗಳನ್ನು ನೋಡಿ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. ಆದರೆ ಬೈಯಲಿಲ್ಲ.

"ಅಮ್ಮಾ, ನೀವು ಬೇಜಾರು ಮಾಡ್ಕೋಬೇಡಿ," ಅಂದ ಬಜಾರಿಗೆ. "ಇದು ದೇಶದ ಕೆಲಸ. ಯುದ್ಧ ಗೆಲ್ಲೋಕೆ ಬಂದೂಕು ಎಷ್ಟು ಬೇಕೋ ಸಿನಿಮಾನೂ ಅಷ್ಟೇ ಬೇಕು. ಸ್ವಲ್ಪ ಮೊದಲಿನ ಹಾಗೇ ಮಾಡಿಬಿಡಿ."

ಅವಳ ಜನ್ಮದಲ್ಲಿ ಅವಳನ್ನು ಬಹುವಚನದಲ್ಲಿ ಮಾತಾಡಿಸಿದ ಮೊದಲ ಪ್ಯಾಂಟಿನವನು ಅವನು. ಬಜಾರಿ ಸೆರಗು ಸರಿಮಾಡಿಕೊಂಡಳು.

ಇನ್ಸ್‌ಪೆಕ್ಟರ್ ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದ. "ನೋಡು, ಮುನ್ಸಿಪಾಲಿಟಿ ಅಧ್ಯಕ್ಷರ ಹತ್ರ ಮಾತಾಡಿದೀನಿ. ಇವ್ರು ಹೇಳಿದ ಹಾಗೆ ಬಾಯ್ಮುಚ್ಕೊಂಡು ಮಾಡಿದ್ರೆ ನಿಮ್ಮ ಕೇರಿಗೆ ನಲ್ಲಿ. ಪೈಪಿನೋರು ಬಂದಿದಾರೆ, ನೋಡ್ಕೊ ಬೇಕಾದ್ರೆ."

ನೋಡಿದಳು. ಕೇರಿಯ ಕೊನೆಯ ಮುರುಕು ಗೋಡೆಯ ಹತ್ತಿರ ಇಬ್ಬರು ನಿಜವಾಗಲೂ ಪೈಪು ಕೂಡಿಸುತ್ತಿದ್ದರು. ಹೊಚ್ಚ ಹೊಸ ಹಿತ್ತಾಳೆಯ ನಲ್ಲಿ ಬಿಸಿಲಿಗೆ ಹೊಳೆಯುತ್ತಿತ್ತು.

ನಲ್ಲಿಯ ಮಾತು ಬಂದರೆ ಬಜಾರಿ ಏನು ಬೇಕಾದರೂ ಮಾಡುವವಳೇ. ಕೇರಿಗೆ ಇದ್ದದ್ದು ತಿಪ್ಪೆಯ ಪಕ್ಕದ ಒಂದು ಬಾವಿ. ಮೇಲಿನ ಬೀದಿಯ ಮೂಲೆಯಲ್ಲಿ ಸಾರ್ವಜನಿಕ ನಲ್ಲಿ ಇತ್ತು, ಆದರೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಕೊಡಗಳನ್ನು ದೂರದಲ್ಲಿಟ್ಟು, ಯಾರಾದರೂ ಮನಸ್ಸು ಮಾಡಿ ಎತ್ತರದಿಂದ ಸುರಿಯುವವರೆಗೆ ಕಾಯಬೇಕು. ಯುದ್ಧ ಶುರುವಾದ ಮೇಲೆ ಊರಿನವರಿಗೆ ಪುರುಸೊತ್ತು ಕಡಿಮೆಯಾಗಿ ಅದೂ ನಿಂತಿತ್ತು. ಹೋದ ಬೇಸಿಗೆಯಲ್ಲಿ ಬಾವಿಯ ನೀರು ಕುಡಿದು ಅವಳ ಮೊಮ್ಮಗಳಿಗೆ ವಾಂತಿಭೇದಿ ಹಿಡಿಯಿತು. ಬೆಳಿಗ್ಗೆ ಆಡುತ್ತಿದ್ದ ಕೂಸು ಸಂಜೆಗೆ ಕಣ್ಣು ಒಳಗೆ ಹೋಗಿ ತಣ್ಣಗಾಯಿತು. ಸೊಸೆ ಈಗ ಮತ್ತೆ ಬಸುರಿ, ಮಗ ಯುದ್ಧಕ್ಕೆ ಹೋಗಿದ್ದಾನೆ. ಈ ಕೂಸಿಗಾದರೂ ನಲ್ಲಿ ನೀರು ಕುಡಿಸಬೇಕು ಅನ್ನುವ ಒಂದೇ ಹಟ ಬಜಾರಿಯ ಹೊಟ್ಟೆಯಲ್ಲಿತ್ತು.

"ಏನ್ರೇ ನೋಡ್ತಾ ನಿಂತಿದೀರಾ? ಕಸದ ಗಾಡಿ ತಳ್ಕೊಂಡು ಬನ್ನಿ," ಅಂದಳು ಕೇರಿಯವರಿಗೆ.

ತಿಪ್ಪೆಗೆ ಹೋಗಿದ್ದ ಗಾಡಿಗಳು ತುಂಬಿಕೊಂಡು ವಾಪಸು ಬಂದವು. ಹೊರಗೆ ಹೊತ್ತು ಹಾಕಿ ಗೊತ್ತಿದ್ದ ಕೈಗಳಿಗೆ ಒಳಗೆ ತಂದು ಹಾಕುವುದು ಬರುತ್ತಿರಲಿಲ್ಲ. ಎಲ್ಲಿ ಸುರಿಯಬೇಕು ಎಂದು ಡೈರೆಕ್ಟರೇ ತೋರಿಸಿದ. ಹೊಸ್ತಿಲ ಮುಂದೆ ಸ್ವಲ್ಪ, ಆ ಮಕ್ಕಳು ಕೂತಿರುವ ಕಡೆ ಸ್ವಲ್ಪ. ಸುಣ್ಣದ ಗೋಡೆಗಳಿಗೆ ಬಗ್ಗಡ ಎರಚಿಸಿದ. ಒಂದು ಸತ್ತ ನಾಯಿ ಇದ್ದಿದ್ದರೆ ಚೆನ್ನಾಗಿತ್ತು ಅಂದ. ಗಾಡಿ ತಳ್ಳುವ ಬಜಾರಿಯ ಮೈದುನ ಹೋಗಿ ಅದನ್ನೂ ಹುಡುಕಿ ತಂದ. ಡೈರೆಕ್ಟರ್ ಮೂಗಿಗೆ ಕರವಸ್ತ್ರ ಹಿಡಿದುಕೊಂಡು, "ಅದ್ಭುತ," ಅಂದ.

*

ಶೂಟಿಂಗ್ ಶುರುವಾಯಿತು. ಬಜಾರಿ ತಲೆಯ ಮೇಲೆ ಡಬ್ಬ ಹೊತ್ತುಕೊಂಡು ಬರಬೇಕು. ಎದುರಿಗೆ ಒಬ್ಬ ಅಧಿಕಾರಿ ಬಂದು ಬೈದು ಅವಳನ್ನು ಒದೆಯಬೇಕು. ಆ ಅಧಿಕಾರಿಯ ಸಮವಸ್ತ್ರ ಈ ದೇಶದ್ದಲ್ಲ, ಎದೆಯ ಮೇಲೆ ಯಾವುದೋ ಹಕ್ಕಿಯ ಗುರುತು.

"ಇದ್ಯಾವ ಊರು ಅಂತ ಸ್ವಾಮಿ?" ಬಜಾರಿ ಕೇಳಿದಳು.

"ಇದು ಶತ್ರುದೇಶ ಅಮ್ಮಾ," ಡೈರೆಕ್ಟರ್ ವಿವರಿಸಿದ. "ಅಲ್ಲಿ ನಿಮ್ಮಂಥವರನ್ನ ಹೇಗೆ ನಡೆಸ್ಕೋತಾರೆ ಗೊತ್ತಾ? ಮನುಷ್ಯರ ತಲೆ ಮೇಲೆ ಹೊಲಸು ಹೊರಿಸ್ತಾರೆ. ಕುಡಿಯೋ ನೀರು ಮುಟ್ಟಿಸಲ್ಲ. ನಮ್ಮ ಸೈನ್ಯ ಹೋಗಿ ಅವ್ರನ್ನ ಬಿಡಿಸುತ್ತೆ. ಅದೇ ಕಥೆ."

ಬಜಾರಿ ತನ್ನ ತಲೆಯ ಮೇಲಿದ್ದ ಡಬ್ಬವನ್ನು ಒಂದು ಕೈಯಲ್ಲಿ ಸರಿಮಾಡಿಕೊಂಡಳು. "ಇಲ್ಲೂ ಹಂಗೇ ಅಲ್ವಾ?"

ಡೈರೆಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡ. ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ. ಆಮೇಲೆ ಕ್ಯಾಮರಾದವನ ಕಡೆ ತಿರುಗಿ ಬೆಳಕಿನ ವಿಷಯ ಮಾತಾಡತೊಡಗಿದ.

ಅಧಿಕಾರಿಯ ಪಾತ್ರಕ್ಕೆ ಬಂದಿದ್ದವನು ನಾಟಕ ಕಂಪನಿಯ ನಟ. ಪಾಪದವನು, ಒದೆಯುವಾಗ ಕಾಲು ಮೈಗೆ ತಾಗದ ಹಾಗೆ ನೋಡಿಕೊಳ್ಳುತ್ತಿದ್ದ. ಎಷ್ಟು ಸಲ ತೆಗೆದರೂ ಅದು ಒದೆತದ ಹಾಗೆ ಕಾಣಲಿಲ್ಲ. ಬಯ್ಯಲು ಹೋದರೆ ಬಾಯಲ್ಲಿ ಬರುತ್ತಿದ್ದದ್ದು ನಾಟಕದ ಮಾತು. ಕೊನೆಗೆ ಬದಿಯಲ್ಲಿ ನಿಂತಿದ್ದ ಇನ್ಸ್‌ಪೆಕ್ಟರಿಗೆ ತಾಳ್ಮೆ ಕೆಟ್ಟಿತು.

"ಹಿಂಗಲ್ಲ ಸಾರ್ ಇವ್ರಿಗೆ ಒದೆಯೋದು. ಸರೀರಿ ಆ ಕಡೆ."

ಬಂದವನೇ, "ಏನೇ ಸೂಳೆ, ಇನ್ನೂ ಇಲ್ಲೇ ಕುಂಟ್ಕೊಂಡು ಬರ್ತಿದೀಯಾ? ದಾರೀಲಿ ಮನುಷ್ಯರು ಓಡಾಡ್ತಾರೆ ಅನ್ನೋ ಜ್ಞಾನ ಇಲ್ವಾ?" ಅಂದು ಡಬ್ಬಕ್ಕೆ ಬೆತ್ತದಲ್ಲಿ ಹೊಡೆದು, ಅವಳ ಸೊಂಟಕ್ಕೆ ಸರಿಯಾಗಿ ಒಂದು ಕೊಟ್ಟ. ಬಜಾರಿ ಬಿದ್ದಳು. ಡಬ್ಬದಲ್ಲಿದ್ದದ್ದು ಅವಳ ಮೈಮೇಲೆಲ್ಲ ಬಿತ್ತು. ಅದು ನಿಜವಾದದ್ದೇ, ಡೈರೆಕ್ಟರ್ ಕೆಸರು ಬೇಡ ಅಂದಿದ್ದ.

ಡೈರೆಕ್ಟರಿನ ಕಣ್ಣು ಅರಳಿತು. ನಟನ ಸಮವಸ್ತ್ರ ಬಿಚ್ಚಿಸಿ ಇನ್ಸ್‌ಪೆಕ್ಟರಿಗೆ ತೊಡಿಸಲು ಹೇಳಿದ.

"ಅಯ್ಯೋ, ಶತ್ರು ಬಟ್ಟೆ ನಾನು ಹಾಕೋದಾ?" ಇನ್ಸ್‌ಪೆಕ್ಟರ್ ಹಿಂದೆ ಸರಿದ. "ನಾನು ದೇಶಭಕ್ತ ಸಾರ್. ಹೋದ ತಿಂಗಳು ಯುದ್ಧನಿಧಿಗೆ ಸಂಬಳ ಕೊಟ್ಟಿದೀನಿ."

"ಅದಕ್ಕೇ ಹೇಳ್ತಿರೋದು. ನಿಮ್ಮನ್ನ ನೋಡಿ ಜನಕ್ಕೆ ಶತ್ರು ಮೇಲೆ ಸಿಟ್ಟು ಬರಬೇಕು."

ಮೀಸೆ ಅಂಟಿಸಿದರು, ಲೋಹದ ಟೋಪಿ ಇಟ್ಟರು. ಬಟ್ಟೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಆಮೇಲೆ ಅವನಿಗೆ ಏನನ್ನೂ ಹೇಳಿಕೊಡಬೇಕಾಗಲಿಲ್ಲ. ದಿನಾ ಬೈಯುವುದನ್ನೇ ಬೈದ, ದಿನಾ ಒದೆಯುವ ಹಾಗೇ ಒದ್ದ.

"ಮಾತು ನಿಮಗೆ ಇಷ್ಟ ಬಂದದ್ದು ಆಡಿ," ಡೈರೆಕ್ಟರ್ ಉತ್ತೇಜನ ಕೊಟ್ಟ. "ಆಮೇಲೆ ನಾವು ಅವರ ಭಾಷೆಯಲ್ಲಿ ಹಾಕ್ಕೋತೀವಿ."

ಬಜಾರಿ ಪ್ರತಿ ಸಲವೂ ಎದ್ದು ಮತ್ತೆ ಡಬ್ಬ ಎತ್ತಿಕೊಂಡಳು. ಸೊಂಟ ಕಿತ್ತುಹೋಗುತ್ತಿತ್ತು. ಗೋಡೆಯ ಕಡೆ ಕಣ್ಣು ಹಾಯಿಸಿ ನಲ್ಲಿ ಅಲ್ಲೇ ಇದೆಯೇ ಎಂದು ನೋಡಿಕೊಳ್ಳುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಡೈರೆಕ್ಟರಿಗೆ ಬಜಾರಿಯ ಮೊಮ್ಮಗಳು ಸತ್ತ ವಿಷಯ ಗೊತ್ತಾಯಿತು. ಹೇಳಿದವನು ಇನ್ಸ್‌ಪೆಕ್ಟರ್. ಡೈರೆಕ್ಟರ್ ಸೊಸೆಯನ್ನು ಬಾವಿಯ ಕಟ್ಟೆಯ ಮೇಲೆ ಕೂರಿಸಿ, ಬಟ್ಟೆಯಲ್ಲಿ ಸುತ್ತಿದ ಒಂದು ಗೊಂಬೆಯನ್ನು ಮಡಿಲಿಗೆ ಕೊಟ್ಟ.

"ಇದು ನಿಮ್ಮ ಮಗು ಅಂತ ತಿಳ್ಕೊಳ್ಳಮ್ಮಾ. ಸತ್ತುಹೋಗಿದೆ. ಅಳಿ."

ಸೊಸೆ ಮೊದಲೇ ಮಾತು ಕಡಿಮೆಯವಳು, ಕೂಸು ಹೋದ ಮೇಲೆ ಇನ್ನೂ ಕಡಿಮೆ. ಅವಳು ಗೊಂಬೆಯನ್ನು ನೋಡಿದಳು. ಮುಖ ಮುಚ್ಚಿದ್ದ ಬಟ್ಟೆಯನ್ನು ಸರಿಪಡಿಸಿದಳು. ಅಳಲಿಲ್ಲ. ಕ್ಯಾಮರಾ ತಿರುಗುತ್ತಲೇ ಇತ್ತು.

"ಅಳ್ತಾನೇ ಇಲ್ವಲ್ಲ ಇವಳು," ಡೈರೆಕ್ಟರ್ ಗೊಣಗಿದ.

"ಅಳೇ," ಇನ್ಸ್‌ಪೆಕ್ಟರ್ ಬೆತ್ತ ಎತ್ತಿದ. "ಮಗು ಸತ್ತ ದಿನ ಆಫೀಸಿನ ಮುಂದೆ ಬಂದು ಹೊರಳಾಡಿ ಅತ್ಯಲ್ಲ, ಈಗೇನು ರೋಗ?"

ಬಜಾರಿ ಹೋಗಿ ಗೊಂಬೆಯನ್ನು ಕಿತ್ತು ಅವನ ಕಾಲ ಬುಡಕ್ಕೆ ಎಸೆದಳು. "ಸಾಕು. ನನ್ನನ್ನ ಎಷ್ಟು ಸಲ ಬೇಕಾದ್ರೂ ಒದಿ. ಇವಳ ತಂಟೆಗೆ ಬಂದ್ರೆ ಕೈ ಮುರೀತೀನಿ." ಡೈರೆಕ್ಟರ್ ಸಮಾಧಾನ ಮಾಡಿದ, ಸಿಕ್ಕಿದ್ದು ಸಾಕು, ಹಾಡು ಹಾಕಿದರೆ ಅತ್ತ ಹಾಗೇ ಆಗುತ್ತದೆ ಅಂದ.

ಕೊನೆಯದು ಬಿಡುಗಡೆಯ ದೃಶ್ಯ. ನಮ್ಮ ಸೈನಿಕ ಬಂದು ಕೆಸರಲ್ಲಿ ಬಿದ್ದವಳನ್ನು ಕೈ ಹಿಡಿದು ಎಬ್ಬಿಸಿ, ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ನೀರು ಕುಡಿಸಬೇಕು. ಸೈನಿಕನಾಗಿ ಬಂದದ್ದು ಮೇಲಿನ ಬೀದಿಯ ಧಾನ್ಯದ ಮಂಡಿಯವರ ಮಗ. ಎತ್ತರದ ಆಳು, ಸಮವಸ್ತ್ರದಲ್ಲಿ ಲಕ್ಷಣವಾಗಿ ಕಾಣುತ್ತಿದ್ದ. ಸೈನ್ಯಕ್ಕೆ ಹೋಗದಿರಲು ಅವನ ಅಪ್ಪ ಯಾರ ಕೈ ಬಿಸಿ ಮಾಡಿದ್ದ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಅವನು ಗತ್ತಿನಿಂದ ನಡೆದು ಬಂದು, ಬಗ್ಗಿ, ಕೈ ಚಾಚಿ, ಅಲ್ಲೇ ನಿಂತುಬಿಟ್ಟ.

"ಏನಾಯ್ತು? ಹಿಡೀರಿ ಕೈನ," ಡೈರೆಕ್ಟರ್ ಕೂಗಿದ.

"ಸಾರ್," ಮಂಡಿಯವರ ಮಗ ತಲೆ ಕೆರೆದುಕೊಂಡ. "ಮುಟ್ಟಲೇಬೇಕಾ? ಮನೇಲಿ ಗೊತ್ತಾದ್ರೆ ಅಮ್ಮ ಒಳಗೆ ಸೇರಿಸಲ್ಲ."

ಯುದ್ಧಕ್ಕಿಂತ ದೊಡ್ಡ ಸಮಸ್ಯೆ ಅದಾಯಿತು. ಕೈಗವಸು ಹಾಕಿಕೊಳ್ಳಿ ಅಂದರೂ ಒಪ್ಪಲಿಲ್ಲ. ಕೊನೆಗೆ ಡೈರೆಕ್ಟರೇ ದಾರಿ ಹುಡುಕಿದ. ಸೈನಿಕ ಬಗ್ಗುವುದನ್ನು ಬೇರೆ ತೆಗೆದುಕೊಂಡು, ಹಿಡಿಯುವ ಕೈಯನ್ನು ಮಾತ್ರ ಹತ್ತಿರದಿಂದ ಬೇರೆ ತೆಗೆಯುವುದು. ಬಜಾರಿಯ ಮೈದುನನನ್ನು ಕರೆದು ಸೈನಿಕನ ಅಂಗಿ ತೊಡಿಸಿದರು. ಕೆಳಗೆ ಅವನದೇ ಹರಿದ ಚಡ್ಡಿ. ಬಣ್ಣ ಹಚ್ಚುವವನು ಕೋಲಿನ ತುದಿಗೆ ಹತ್ತಿ ಸಿಕ್ಕಿಸಿ ಆ ಕಪ್ಪು ಕೈಗೆ ಪೌಡರು ಬಳಿದ.

"ಅತ್ತಿಗೆ, ಏಳಿ," ಅಂದ ಮೈದುನ, ನಾಚಿಕೊಂಡು.

ಕೈ ಹಿಡಿದು ಎಬ್ಬಿಸಿದ. ಬಜಾರಿ ನಡೆದುಹೋಗಿ ನಲ್ಲಿಯನ್ನು ಮುಟ್ಟಿದಳು. ತಣ್ಣಗಿತ್ತು. ತಿರುಗಿಸಿದಳು. ನೀರು ಬಂತು. ಬೊಗಸೆ ಒಡ್ಡಿ ಕುಡಿದಾಗ ಮೊಮ್ಮಗಳ ಒಣಗಿದ ತುಟಿ ನೆನಪಾಗಿ ಅವಳಿಗೆ ಅಳು ಬಂತು. ಡೈರೆಕ್ಟರ್ ಚಪ್ಪಾಳೆ ತಟ್ಟಿದ. ಇನ್ನೊಂದು ಸಲ ಅಂದ, ಮತ್ತೊಂದು ಸಲ ಅಂದ. ಅವಳು ಪ್ರತಿ ಸಲವೂ ಹೊಟ್ಟೆ ತುಂಬ ಕುಡಿದಳು.

ಕ್ಯಾಮರಾ ಮಡಚಿದ ಕೂಡಲೇ ಕೇರಿಯ ಹೆಂಗಸರು ಓಡಿಹೋಗಿ ಕೊಡ ತಂದರು. ಮೊದಲ ಕೊಡ ತುಂಬಿತು. ಎರಡನೆಯದು ಅರ್ಧವಾಗುವಷ್ಟರಲ್ಲಿ ನಲ್ಲಿ ಗೊರಗೊರ ಅಂದು ನಿಂತಿತು. ಬಜಾರಿ ಗೋಡೆ ಬಳಸಿ ಹೋಗಿ ನೋಡಿದಳು. ಹಿಂದೆ ಒಂದು ಮೇಜು, ಮೇಜಿನ ಮೇಲೆ ಒಂದು ಪೀಪಾಯಿ. ಪೈಪು ಪೀಪಾಯಿಯ ಬುಡಕ್ಕೆ ಸೇರಿತ್ತು.

"ಲೈನು ಆಮೇಲೆ ಕೊಡ್ತಾರೆ ಕಣೇ, ಅವಸರ ಮಾಡ್ಬೇಡ," ಅಂದ ಇನ್ಸ್‌ಪೆಕ್ಟರ್, ಅಂಟಿಸಿದ ಮೀಸೆ ಕೀಳುತ್ತ.

ಮರುದಿನ ಸಿನಿಮಾದ ಒಬ್ಬ ಆಳು ಬಂದು ನಲ್ಲಿಯನ್ನು ಬಿಚ್ಚಿಕೊಂಡು ಹೋದ. ಗೋಡೆಯಲ್ಲಿ ತೂತು ಉಳಿಯಿತು.

*

ಬಜಾರಿ ಮುನ್ಸಿಪಾಲಿಟಿಗೆ ಹೋದಳು. ಒಳಗೆ ಬಿಡಲಿಲ್ಲ, ಕಿಟಕಿಯ ಹೊರಗೆ ನಿಲ್ಲಿಸಿದರು. ಒಳಗೆ ಫ್ಯಾನಿನ ಕೆಳಗೆ ಅಧ್ಯಕ್ಷ ಕೂತಿದ್ದ. ಅವನ ಹಿಂದಿನ ಗೋಡೆಯ ಮೇಲೆ ನಕ್ಷೆ, ನಕ್ಷೆಯ ತುಂಬ ಪುಟ್ಟ ಪುಟ್ಟ ಬಾವುಟ ಚುಚ್ಚಿದ ಗುಂಡುಸೂಜಿಗಳು.

"ನಲ್ಲಿ ಕೊಡ್ತೀನಿ ಅಂದಿದ್ರಿ ಸ್ವಾಮಿ."

"ಯಾರು ಅಂದಿದ್ದು? ಕಬ್ಬಿಣ ಎಲ್ಲ ಮದ್ದುಗುಂಡಿಗೆ ಹೋಗ್ತಾ ಇದೆ. ಒಂದು ಅಡಿ ಪೈಪು ಸಿಗಲ್ಲ," ಅಧ್ಯಕ್ಷ ತಲೆ ಎತ್ತದೆ ಹೇಳಿದ. "ಅಲ್ಲಿ ನಮ್ಮ ಹುಡುಗ್ರು ಪ್ರಾಣ ಕೊಡ್ತಿದ್ದಾರೆ. ಆ ದೇಶದಲ್ಲಿ ನಿಮ್ಮಂಥೋರು ನರಕದಲ್ಲಿದ್ದಾರೆ. ಮೊದಲು ಅವ್ರಿಗೆ ಬಿಡುಗಡೆ ಆಗ್ಲಿ. ಅಲ್ಲೀವರೆಗೆ ನೀವು ಸ್ವಲ್ಪ ತಡ್ಕೋಬೇಕು."

"ಆ ಬಾವಿ ನೀರು ಕುಡಿದು ನನ್ನ ಮೊಮ್ಮಗಳು ಸತ್ಳು. ಆಗ್ಲೇ ಹೇಳಿದ್ವಿ, ಬಾವಿಗೆ ತಿಪ್ಪೆ ನೀರು ಇಳೀತಿದೆ ಅಂತ. ಇನ್ನು ಎಷ್ಟು ತಡ್ಕೊಳ್ಳೋದು?"

ಇನ್ಸ್‌ಪೆಕ್ಟರ್ ಕಿಟಕಿಗೆ ಬಂದ. "ಸುಮ್ನೆ ಹೋಗ್ತೀಯೋ, ಶತ್ರು ಕಡೆಯೋಳು ಅಂತ ಬರೆಸಿ ಒಳಗೆ ಹಾಕಿಸ್ಲೋ? ಯುದ್ಧದ ಟೈಮಲ್ಲಿ ಸರ್ಕಾರದ ವಿರುದ್ಧ ಮಾತಾಡಿದ್ರೆ ಏನಾಗುತ್ತೆ ಗೊತ್ತಾ?"

ಕಿಟಕಿಯ ಬಾಗಿಲು ಮುಚ್ಚಿದ. ಬಜಾರಿ ಬಾಯಿಗೆ ಬಂದ ಹಾಗೆ ಬೈದಳು. ಮುಚ್ಚಿದ ಕಿಟಕಿಗೆ ಬೈದು ಏನು ಸುಖ, ಸುಸ್ತಾಗಿ ಮನೆಗೆ ಬಂದಳು.

ಆ ವಾರವೇ ಅವಳ ಮಗ ರಜೆಯ ಮೇಲೆ ಬಂದ. ಸೈನ್ಯಕ್ಕೆ ಸೇರಿಸಿಕೊಳ್ಳುವಾಗ ಚೌಕದಲ್ಲಿ ಹಾರ ಹಾಕಿ, ಬ್ಯಾಂಡು ಬಾರಿಸಿ ಕಳಿಸಿದ್ದರು. ಅಲ್ಲಿಗೆ ಹೋದ ಮೇಲೆ ಇವನು ಯಾವ ಕೇರಿಯವನು ಎಂದು ತಿಳಿದುಕೊಂಡು ಬಂದೂಕಿನ ಬದಲು ಪೊರಕೆ ಕೊಟ್ಟಿದ್ದರು. ದಂಡಿನ ಕಕ್ಕಸು ತೊಳೆಯುವುದು ಅವನ ಯುದ್ಧ. ಅವ್ವನಿಗೆ ಇದನ್ನು ಹೇಳಿ ಅವನು ನಗುತ್ತಿದ್ದ. ನಕ್ಕರೆ ಅವನ ಅಪ್ಪನ ಹಾಗೇ ಕಾಣುತ್ತಿದ್ದ.

"ಆ ದೇಶ ಹೆಂಗಿದೆ?" ಎಂದು ಸೊಸೆ ಕೇಳಿದಳು. ಅವಳಾಗಿ ಕೇಳಿದ್ದೇ ಹೆಚ್ಚು.

"ಹೆಂಗಿರುತ್ತೆ, ಹಿಂಗೇ. ಒಂದು ಊರು ಹಿಡಿದ್ವಿ. ಬಾವುಟ ಏರಿಸಿದ್ರು. ಸಾಹೇಬ್ರು ನನ್ನ ಕರೆದು, ಹೋಗು, ಈ ಊರಲ್ಲಿ ಕಕ್ಕಸು ಬಾಚೋರು ಯಾರಿದಾರೆ ಹುಡುಕ್ಕೊಂಡು ಬಾ ಅಂದ್ರು. ಹೋದೆ. ಒಂದು ಗೋಡೆ ಹಿಂದೆ ಅಡಗಿ ಕೂತಿದ್ರು. ನಮ್ಮ ಮನೇಲಿರೋ ಅಂಥದ್ದೇ ಡಬ್ಬ. ಭಾಷೆ ಗೊತ್ತಾಗಲಿಲ್ಲ, ಡಬ್ಬ ತೋರಿಸಿದೆ, ನಕ್ಕರು. ಕರ್ಕೊಂಡು ಬಂದೆ. ಸಾಹೇಬ್ರು ಅವ್ರಿಗೆ ಭಾಷಣ ಮಾಡಿದ್ರು. ಇವತ್ತಿಂದ ನೀವು ಸ್ವತಂತ್ರರು, ಯಾರಿಗೂ ಹೆದರಬೇಕಾಗಿಲ್ಲ ಅಂದ್ರು."

"ಆಮೇಲೆ?"

"ಆಮೇಲೆ, ಬೆಳಿಗ್ಗೆ ಐದಕ್ಕೆ ಬಂದುಬಿಡಿ ಅಂದ್ರು."

ಮೈದುನ ಗೊಳ್ಳೆಂದು ನಕ್ಕ. ಬಜಾರಿ ನಗಲಿಲ್ಲ. ರಜೆ ಮುಗಿದು ಮಗ ಹೊರಟಾಗ ಈ ಸಲ ಬ್ಯಾಂಡು ಇರಲಿಲ್ಲ.

*

ಸಿನಿಮಾ ಊರಿಗೆ ಬಂತು. ಯುದ್ಧನಿಧಿಗಾಗಿ ವಿಶೇಷ ಪ್ರದರ್ಶನ, ಮಧ್ಯಾಹ್ನದ ಆಟ. ಅಧ್ಯಕ್ಷರೇ ಉದ್ಘಾಟನೆ ಮಾಡುವವರಿದ್ದರು. ಗೋಡೆಗೋಡೆಗೂ ಕಾಗದದ ಬಾವುಟಗಳು. ಕೇರಿಯವರಿಗೆ ಟಾಕೀಸಿನೊಳಗೆ ಪ್ರವೇಶ ಹಿಂದಿನಿಂದಲೂ ಇರಲಿಲ್ಲ, ಈಗಲೂ ಇಲ್ಲ. ಬಜಾರಿಗೆ ಮಾತ್ರ ಹೇಳಿಕಳಿಸಿದ್ದರು. ಜನ ಜಾಸ್ತಿ, ಇಂಟರ್ವಲ್ಲಿಗೆ ಮುಂಚೆ ಕಕ್ಕಸು ಚೊಕ್ಕಟವಾಗಿರಬೇಕು ಎಂದು.

ಡಬ್ಬ ತುಂಬಿಸಿಕೊಂಡು ಹಿಂದಿನ ಓಣಿಯಲ್ಲಿ ಬರುವಾಗ ಒಳಗಿನಿಂದ ಜನ ಅಳುವುದು ಕೇಳಿಸಿತು. ಪರದೆಯ ಹಿಂದೆ ಮುರಿದ ಕುರ್ಚಿಗಳನ್ನು ಒಟ್ಟಿದ್ದ ಒಂದು ಕತ್ತಲು ಜಾಗವಿತ್ತು. ಅದರ ಬಾಗಿಲಿಗೆ ಚಿಲಕ ಇರಲಿಲ್ಲ. ಬಜಾರಿ ಡಬ್ಬದ ಸಮೇತ ಒಳಗೆ ಹೋಗಿ ನಿಂತಳು. ಪರದೆಯ ಹಿಂಬದಿಯಿಂದ ಎಲ್ಲ ತಿರುಗುಮುರುಗಾಗಿ ಕಾಣುತ್ತಿತ್ತು. ಅಕ್ಷರಗಳೂ ಹಾಗೇ ಬರುತ್ತಿದ್ದವು, ಓದು ಬಾರದವಳಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಕೇರಿ ಕಂಡಿತು. ತಾನು ಕಂಡಳು, ಗೋಡೆಯಷ್ಟು ದೊಡ್ಡದಾಗಿ. ಒಂದು ಕ್ಷಣ ಅವಳಿಗೆ ಖುಷಿಯೇ ಆಯಿತು. ತನ್ನ ಮುಖ ಹೀಗಿದೆಯೇ, ಪರವಾಗಿಲ್ಲವಲ್ಲ ಅನ್ನಿಸಿತು. ಅಷ್ಟರಲ್ಲಿ ಒಂದು ಗಂಭೀರ ಗಂಡು ದನಿ, ಪುಸ್ತಕದ ಭಾಷೆಯಲ್ಲಿ, ಮಾತಾಡತೊಡಗಿತು.

"ಇದು ಶತ್ರುದೇಶ. ಇಲ್ಲಿ ಮನುಷ್ಯ ಮನುಷ್ಯನನ್ನು ಮುಟ್ಟುವುದಿಲ್ಲ. ಈ ತಾಯಿಯ ತಲೆಯ ಮೇಲೆ ತಲೆಮಾರುಗಳ ಹೊಲಸನ್ನು ಹೊರಿಸಲಾಗಿದೆ. ಇಂಥ ಪಾಪವನ್ನು ನಮ್ಮ ದೇಶ ಸಹಿಸೀತೇ?"

"ಛೆ ಛೆ ಛೆ," ಅಂದಿತು ಜನ.

ಪರದೆಯ ಅಂಚಿನಲ್ಲಿ ಒಂದು ಸಂದಿ ಇತ್ತು. ಬಜಾರಿ ಅಲ್ಲಿಂದ ಇಣುಕಿದಳು. ಪರದೆಯ ಬೆಳಕಲ್ಲಿ ಮುಂದಿನ ಸಾಲುಗಳ ಮುಖ ಕಾಣುತ್ತಿದ್ದವು. ಡಾಕ್ಟರ ಹೆಂಡತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಬೆಳಿಗ್ಗೆ ತಾನೇ ಬಜಾರಿ ಅವಳ ಮನೆಯ ಡಬ್ಬ ಎತ್ತಿ ಬಂದಿದ್ದಳು. ಇಷ್ಟು ವರ್ಷ ಎತ್ತಿದ್ದಾಳೆ. ಆ ಹೆಂಗಸಿಗೆ ಪರದೆಯ ಮೇಲಿನವಳು ಯಾರೆಂದು ಗುರುತು ಹತ್ತಿರಲಿಲ್ಲ. ಒಬ್ಬರಿಗೂ ಹತ್ತಿರಲಿಲ್ಲ. ಹತ್ತುವುದಾದರೂ ಹೇಗೆ, ಯಾರೂ ಅವಳ ಮುಖ ನೋಡಿದವರಲ್ಲ.

ಹಕ್ಕಿಯ ಗುರುತಿನ ಅಧಿಕಾರಿ ಬಂದು ಒದ್ದಾಗ ಸಭೆಯೆಲ್ಲ ಎದ್ದು ಕೂಗಿತು. "ಕೊಲ್ರೋ ಆ ನಾಯಿನ," "ಸುಟ್ಟು ಹಾಕ್ರೋ." ಚಪ್ಪಲಿಯೊಂದು ಬಂದು ಪರದೆಗೆ ಬಿತ್ತು. ಇನ್ಸ್‌ಪೆಕ್ಟರ್ ಅಧ್ಯಕ್ಷನ ಪಕ್ಕದಲ್ಲೇ ಕೂತಿದ್ದ. ತನ್ನನ್ನು ಕೊಲ್ಲಿ ಅಂದವರ ಜೊತೆ ಸೇರಿಕೊಂಡು ತಾನೂ ಮುಷ್ಟಿ ಎತ್ತಿ ಕೂಗಿದ.

ಆಮೇಲೆ ಬಾವಿಯ ಕಟ್ಟೆ ಬಂತು. ಸೊಸೆ ಬಂದಳು, ಮಡಿಲಲ್ಲಿ ಬಟ್ಟೆಯ ಗಂಟು. ಹಾಡು ಶುರುವಾಯಿತು. ಆ ದನಿ ಹೇಳಿತು:

"ಹಿಮ್ಮೆಟ್ಟುವ ಶತ್ರು ಬಾವಿಗೆ ವಿಷ ಬೆರೆಸಿದ. ಹಾಲುಗಲ್ಲದ ಈ ಕಂದ ಬಾಯಾರಿ ನೀರು ಕುಡಿಯಿತು. ಇದರ ಸಾವಿಗೆ ನಾವು ಉತ್ತರ ಕೇಳುತ್ತೇವೆ."

ಟಾಕೀಸು ಗೋಳೋ ಎಂದಿತು. ಅಧ್ಯಕ್ಷ ಕಣ್ಣೊರೆಸಿಕೊಂಡ. ನಿಧಿಯ ಡಬ್ಬಿಗಳು ಸಾಲುಗಳಲ್ಲಿ ಓಡಾಡತೊಡಗಿದವು. ಡಾಕ್ಟರ ಹೆಂಡತಿ ಕಿವಿಯ ಓಲೆ ಬಿಚ್ಚಿ ಹಾಕಿದಳು.

ಕೂಸು ಸತ್ತ ದಿನ ಇದೇ ಅಧ್ಯಕ್ಷನ ಆಫೀಸಿನ ಬಾಗಿಲಲ್ಲಿ ಸೊಸೆ ಹೊರಳಾಡಿದ್ದಳು, ಅವಳು ಹೋದ ಮೇಲೆ ಆ ಜಾಗ ತೊಳೆಸಿದ್ದರು. ಆಗ ಯಾರ ಕಣ್ಣಲ್ಲೂ ಒಂದು ಹನಿ ಬರಲಿಲ್ಲ. ಕೂಸನ್ನು ಕೊಂದರು, ಸರಿ. ಈಗ ಅದರ ಸಾವನ್ನೂ ಕಿತ್ತುಕೊಂಡು ಹೋಗಿ ಯಾವುದೋ ದೇಶದ ತಲೆಗೆ ಕಟ್ಟಿ, ಇಲ್ಲಿ ಕೂತು ಅಳುತ್ತಿದ್ದಾರೆ. ಬಜಾರಿಗೆ ಸಿಟ್ಟು ಬಂತು.

ಪರದೆಯ ಮೇಲೆ ಮಂಡಿಯವರ ಮಗ ಬಗ್ಗಿದ, ಮೈದುನನ ಕೈ ಅವಳನ್ನು ಎಬ್ಬಿಸಿತು, ಅವಳು ನಲ್ಲಿ ತಿರುಗಿಸಿ ನೀರು ಕುಡಿದಳು. ಜನವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು, ಸಿಳ್ಳೆ ಹಾಕಿತು. ನಲ್ಲಿ ಮುಟ್ಟಿದ್ದಕ್ಕೆ ಇಷ್ಟು ಚಪ್ಪಾಳೆ. ಬಜಾರಿ ತುಂಬಿದ ಡಬ್ಬವನ್ನು ಅಲ್ಲೇ ಪರದೆಯ ಬುಡದಲ್ಲಿ ಬಿಟ್ಟು ಹೊರಗೆ ನಡೆದಳು.

ಕೇರಿಗೆ ಬಂದವಳೇ ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ್ದನ್ನು, ಕೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಸುತ್ತ ಹೆಂಗಸರು ಸೇರಿದರು. ಬಾವಿಗೆ ಶತ್ರು ವಿಷ ಹಾಕಿದ ಅನ್ನುವಲ್ಲಿಗೆ ಬಂದಾಗ ಸೊಸೆ ತಲೆ ಎತ್ತಿದಳು.

"ನನ್ನ ಮಗೂಗಾ ಹಂಗಂದ್ರು?"

"ನಿನ್ನ ಮಗೂಗೇ."

ಸೊಸೆ ಎದ್ದಳು. ಬಸುರಿಯ ಹೊಟ್ಟೆ, ಗೋಡೆ ಹಿಡಿದುಕೊಂಡು ಎದ್ದಳು. ಒಳಗೆ ಹೋಗಿ ಎರಡು ಕೊಡ ತಂದಳು, ಒಂದನ್ನು ಸೊಂಟಕ್ಕಿಟ್ಟುಕೊಂಡಳು.

"ನಡೀರಿ ಅತ್ತೆ," ಅಂದಳು.

ಮೈದುನ ಅಡ್ಡ ಬಂದ. "ಅತ್ತಿಗೆ, ಬೇಡ. ಮೇಲಿನ ಬೀದಿ ನಲ್ಲಿ ಮುಟ್ಟಿದ್ರೆ ಹೊಡೀತಾರೆ."

"ಹೊಡೀಲಿ. ಸಿನಿಮಾದಲ್ಲಿ ಹೊಡೆದಾಗ ಎಷ್ಟು ಜನ ಅತ್ರು, ನೀನು ನೋಡ್ಬೇಕಿತ್ತು," ಅಂದಳು ಬಜಾರಿ. "ಈಗ ಎಷ್ಟು ಜನ ಅಳ್ತಾರೆ ನೋಡೇಬಿಡೋಣ."

ಆರೇಳು ಹೆಂಗಸರು ಕೊಡ ಹಿಡಿದು ಹಿಂದೆ ಬಂದರು. ಸ್ವಲ್ಪ ಹೊತ್ತು ಕೈ ಹಿಸುಕಿಕೊಂಡು ನಿಂತಿದ್ದ ಮೈದುನನೂ ಬಂದ.

ಸಾರ್ವಜನಿಕ ನಲ್ಲಿ ಟಾಕೀಸಿನ ಎದುರಿಗೇ, ರಸ್ತೆ ದಾಟಿದರೆ ಮೂಲೆಯಲ್ಲಿ. ಸಿಮೆಂಟಿನ ಕಟ್ಟೆ, ಸುತ್ತ ಕಲ್ಲು ಹಾಸು. ಹೆಂಗಸರು ಯಾವಾಗಲೂ ನಿಲ್ಲುತ್ತಿದ್ದ ಗೆರೆಯ ಹತ್ತಿರ ಒಂದು ಚೂರು ತಡೆದರು. ಬಜಾರಿ ನಿಲ್ಲಲಿಲ್ಲ. ಕಟ್ಟೆ ಹತ್ತಿ ನಲ್ಲಿಗೆ ಕೈ ಹಾಕಿ ತಿರುಗಿಸಿದಳು. ನೀರು ರಭಸದಿಂದ ಬಂತು. ಇದರ ಹಿಂದೆ ಪೀಪಾಯಿ ಇರಲಿಲ್ಲ. ಸೊಸೆ ಬಗ್ಗಿ ಬೊಗಸೆ ಒಡ್ಡಿ ಕುಡಿದಳು, ಮುಖ ತೊಳೆದುಕೊಂಡಳು, ಆಮೇಲೆ ಕೊಡವನ್ನು ಕೆಳಗಿಟ್ಟಳು.

ಸಿನಿಮಾದ ಮೇಲೆ ಅಧ್ಯಕ್ಷರ ಭಾಷಣವೂ ಮುಗಿದು ಟಾಕೀಸಿನ ಬಾಗಿಲು ತೆರೆಯಿತು. ಜನ ಹೊರಗೆ ಬಂದರು, ಕೈಯಲ್ಲಿ ಕಾಗದದ ಬಾವುಟ, ಕಣ್ಣು ಇನ್ನೂ ಒದ್ದೆ. ಮಂಡಿಯವರ ಮಗನನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತು ಜಯಕಾರ ಹಾಕುತ್ತಿದ್ದರು. ಮೊದಲು ನೋಡಿದವಳು ಡಾಕ್ಟರ ಹೆಂಡತಿ.

"ಅಯ್ಯೋ, ನಲ್ಲಿ ಮುಟ್ಟಿಬಿಟ್ರಲ್ಲ ಇವ್ರು," ಅಂದಳು. ಅವಳ ಕಿವಿಯಲ್ಲಿ ಓಲೆ ಇರಲಿಲ್ಲ.

ಜಯಕಾರ ನಿಂತಿತು. ಹೊತ್ತವರು ಮಂಡಿಯವರ ಮಗನನ್ನು ಕೆಳಗಿಳಿಸಿದರು. ಬಜಾರಿ ಅವನನ್ನೇ ನೋಡಿದಳು.

"ಬಾಪ್ಪ, ನೀನೇ ಅಲ್ವಾ ನಮಗೆ ನೀರು ಕುಡಿಸಿದ್ದು? ಇಲ್ಲೂ ಬಾ. ಜನ ಎಲ್ಲ ನೋಡ್ತಿದಾರೆ, ಬಂದು ಕೈ ಹಿಡಿ."

ಅವನು ಜನರ ಹಿಂದೆ ಸರಿದ. ಯಾರೋ ಕಲ್ಲು ಎತ್ತಿಕೊಂಡರು. "ಎಷ್ಟು ಕೊಬ್ಬು ನೋಡ್ರೋ," "ಯುದ್ಧದ ಟೈಮು ಅಂತ ಸದರ ಕೊಟ್ರೆ ಹಿಂಗೇ," "ಇನ್ಸ್‌ಪೆಕ್ಟರನ್ನ ಕರೀರಿ."

ಕರೆಯಬೇಕಾಗಿರಲಿಲ್ಲ. ಜನರನ್ನು ಸೀಳಿಕೊಂಡು ಅವನೇ ಬಂದ, ಕೈಯಲ್ಲಿ ಬೆತ್ತ. "ಇಳಿಯೇ ಕೆಳಗೆ, ಸೂಳೆ. ಚರ್ಮ ಸುಲೀತೀನಿ."

ಬಜಾರಿ ನಲ್ಲಿಯ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು.

"ಹೊಡಿ. ಒಳಗೆ ನೀನು ಹೊಡೆದದ್ದಕ್ಕೆ ಇವ್ರೆಲ್ಲ ನಿನಗೆ ಚಪ್ಪಲಿ ಎಸೆದ್ರು. ಮೀಸೆ ಅಂಟಿಸ್ಕೊಂಡಿದ್ದಕ್ಕೆ ಗುರುತು ಸಿಗಲಿಲ್ಲ. ಹೊಡಿ, ಆದ್ರೆ ಮೊದಲು ಹೇಳು. ಇವತ್ತು ನೀನು ಯಾವ ದೇಶದೋನು?"

ಗುಂಪಿನಲ್ಲಿ ಒಬ್ಬನು ಇನ್ಸ್‌ಪೆಕ್ಟರನ ಮುಖವನ್ನು ದಿಟ್ಟಿಸಿ ನೋಡಿದ. ಏನೋ ಹೊಳೆದ ಹಾಗೆ ಬಾಯಿ ತೆರೆದವನು ಪಕ್ಕದವರನ್ನು ನೋಡಿ ಸುಮ್ಮನಾದ. ಇನ್ಸ್‌ಪೆಕ್ಟರ್ ಬೆತ್ತ ಎತ್ತಿ ಹೊಡೆದ. ಭುಜಕ್ಕೆ ಬಿತ್ತು. ಎರಡನೆಯದು ಕೈಗೆ ಬಿತ್ತು, ಬೆರಳ ಗಂಟು ಒಡೆದು ರಕ್ತ ನೀರಿನ ಜೊತೆ ಇಳಿಯಿತು. ಬಜಾರಿಯ ಕೈ ನಲ್ಲಿಯ ಮೇಲೇ ಇತ್ತು.

ಟಾಕೀಸಿನಲ್ಲಿ ಇದನ್ನೇ ಪರದೆಯ ಮೇಲೆ ನೋಡಿ ಇದೇ ಜನ ಅತ್ತಿದ್ದರು. ಇಲ್ಲಿ ಒಬ್ಬರೂ ಅಳಲಿಲ್ಲ. ಸೊಸೆ ತುಂಬಿದ ಕೊಡವನ್ನು ಪಕ್ಕಕ್ಕೆ ಎಳೆದು, ಖಾಲಿ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು.